ಕೈ ಕೂಡಿಸಿದ ಮೇಲೆ

ನಮ್ಮೂರ ಕುಸ್ತಿ ಕಮಿಟಿಯಲ್ಲಿ ನನ್ನ ಕೆಲಸ ಒಂದೇ, ಜೋಡಿ ಹಚ್ಚುವುದು. ಅಂದರೆ ಯಾರ ಜೊತೆ ಯಾರು ಆಡಬೇಕೆಂದು ನೋಡಿ, ಇಬ್ಬರ ಕೈ ಕೂಡಿಸಿ ಜನರೆದುರು ಮೇಲೆತ್ತುವುದು. ಹದಿನೆಂಟು ವರ್ಷ ಮಾಡಿದೆ. ಹಾಗೆ ಎತ್ತಿದ ಕೈಗಳಲ್ಲಿ ಒಂದು ನನ್ನ ತಮ್ಮನದು. ಆ ಬಲಗೈಯಿಂದ ಅವನಿಗೆ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ.

ಇದನ್ನು ಬರೆಯುವಾಗ ಅಳು ಬರಬೇಕಿತ್ತು. ಬರುತ್ತಿಲ್ಲ. ಅಂದೂ ಬರಲಿಲ್ಲ. ಬಂದಿದ್ದರೆ ನನ್ನ ಬಗ್ಗೆ ನನಗೇ ಸ್ವಲ್ಪ ಒಳ್ಳೆಯ ಅಭಿಪ್ರಾಯ ಉಳಿಯುತ್ತಿತ್ತು.

ಕಮಿಟಿ ಶುರು ಮಾಡಿದವರು ನನ್ನ ಅಪ್ಪ ಮತ್ತು ಅವರ ಮೂವರು ಗೆಳೆಯರು. ನಮ್ಮದು ಕಾಗವಾಡದ ಕಡೆ, ಕೃಷ್ಣೆಯ ದಂಡೆಯ ಊರು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲೇ ಮೊದಲ ಮೈದಾನ ನಡೆದದ್ದು; ಕುಸ್ತಿ ಪಂದ್ಯಕ್ಕೆ ನಮ್ಮ ಕಡೆ ಮೈದಾನ ಎನ್ನುತ್ತಾರೆ. ಅಪ್ಪ ಸೈಕಲ್ ಮೇಲೆ ಜುಗೂಳ, ಯಡೂರು, ಅಥಣಿ, ರಾಯಬಾಗ ಅಂತ ಒಂದೊಂದೇ ತಾಲೀಮಿಗೆ, ಅಂದರೆ ಗರಡಿಗೆ ಹೋಗಿ, ಅಲ್ಲಿ ಪಟ್ಟು ಕಲಿಸುವ ವಸ್ತಾದನ ಕೈಗೆ ಎಲೆ ಅಡಿಕೆ ಕೊಟ್ಟು ಕರೆದು ಬರುತ್ತಿದ್ದರಂತೆ. ಆಮೇಲೆ ನಿಪ್ಪಾಣಿಯಲ್ಲಿ ಅಚ್ಚಾದ ಗೋಡೆ ಪೋಸ್ಟರ್ ಬಂತು. ಈಗ ಫ್ಲೆಕ್ಸ್ ಇದೆ, ಮೊಬೈಲಿನಲ್ಲಿ ಲೈವ್ ಇದೆ, ಒಂದೇ ಸುಳ್ಳನ್ನು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳುವ ನಿರೂಪಕ ಇದ್ದಾನೆ. ಅವನ ಪ್ರಕಾರ ನಮ್ಮ ಮೈದಾನಕ್ಕೆ ಬರುವ ಪ್ರತಿಯೊಬ್ಬನೂ ಸಿಂಹ. ಬದಲಾಗದೆ ಉಳಿದದ್ದು ಮಣ್ಣು ಮಾತ್ರ. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡುವುದನ್ನು ನಾವು ಇನ್ನೂ ಕೈಯಿಂದಲೇ ಮಾಡುತ್ತೇವೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ, ತತ್ತಿ ಮಾಂಸದ ಮಾತೇ ಇಲ್ಲ. ಅಪ್ಪ ಬಾದಾಮಿ ಅರೆದ ಥಂಡಾಯಿ, ಹಾಲು, ತುಪ್ಪದ ಮೇಲೆಯೇ ಪೈಲ್ವಾನರಾದವರು. "ಬ್ಯಾಳಿ ತಿಂದು ಬಂದಾನ್ರಿ, ಮೆಲ್ಲಕ ಹಿಡೀರಿ" ಎಂದು ನಗುತ್ತಿದ್ದವರು ಆಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದರಂತೆ. ನನಗೆ ಮೈ ಬರಲಿಲ್ಲ. ಮೈ ಎಲ್ಲ ತಮ್ಮನಿಗೆ ಹೋಯಿತು. ನನಗೆ ಅಪ್ಪ ಜೋಡಿ ಹಚ್ಚುವುದನ್ನು ಕಲಿಸಿದರು.

"ತೊಡಿ ನೋಡಬ್ಯಾಡ, ಎದಿ ನೋಡಬ್ಯಾಡ. ಅವೆಲ್ಲಾ ಮಂದಿಗೆ ತೋರಸಾಕ ಇರ್ತಾವ. ಕೈ ಹಿಡಿ. ಅಂವಾ ಉಂಡಾನೋ ಇಲ್ಲೋ, ಮಲಗ್ಯಾನೋ ಇಲ್ಲೋ, ಎಲ್ಲಿ ನೋವೈತಿ, ಎಲ್ಲಾ ಹಿಡತದಾಗ ಗೊತ್ತಾಗತೈತಿ" ಎನ್ನುತ್ತಿದ್ದರು.

ನಿಜವಾಗಿಯೂ ಗೊತ್ತಾಗುತ್ತಿತ್ತು. ಅಂಗೈ ಒತ್ತಿದರೆ ಎದುರಿನವನೂ ಒತ್ತುತ್ತಾನೆ; ಎಷ್ಟು, ಎಷ್ಟು ಹೊತ್ತು ಎಂಬುದರಲ್ಲಿ ಎಲ್ಲ ಇರುತ್ತದೆ. ನಾನು ಹಚ್ಚಿದ ಜೋಡಿ ಏರುಪೇರಾಯಿತು ಎಂದು ಯಾರೂ ಆಡಿಕೊಂಡದ್ದಿಲ್ಲ. ದೂರದ ವಸ್ತಾದರು ಕೂಡ "ಅವರ ಕೈಯಾಗ ಕೊಟ್ಟೀವಿ, ಚಿಂತಿಲ್ಲ" ಎನ್ನುತ್ತಿದ್ದರು. ಆ ಮಾತಿನಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎನ್ನುವುದನ್ನೂ ಬರೆದುಬಿಡುತ್ತೇನೆ.

ಕೈ ಕೂಡಿಸುವುದಕ್ಕೆ ಒಂದು ನಿಯಮವಿದೆ. ಜನರೆದುರು ಎತ್ತುವ ಮೊದಲು ನಾನು ಬೇಡ ಎಂದರೆ ಪೈಲ್ವಾನ ಸುಮ್ಮನೆ ಹಿಂದಕ್ಕೆ ಹೋಗುತ್ತಾನೆ, ಅದರಲ್ಲಿ ಅವಮಾನವಿಲ್ಲ. ಎತ್ತಿದ ಮೇಲೆ ಬಿಡಿಸುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಬಿಡಿಸಿದರೆ ಎದುರಿನ ತಾಲೀಮಿನವರು ಮರುವರ್ಷ ನಮ್ಮ ಮಣ್ಣಿಗೆ ಕಾಲಿಡುವುದಿಲ್ಲ.

ತಮ್ಮನ ಕೈ ಹೋದ ವರ್ಷ ನಾನು ಅವನ ಸಲುವಾಗಿ ಕಮಿಟಿಯಲ್ಲಿ ಜಗಳ ಆಡಿದ್ದೆ. ಪೋಸ್ಟರಿನಲ್ಲಿ ಕೊನೆಯ ದೊಡ್ಡ ಕುಸ್ತಿ ಒಂದನೇ ನಂಬರಿನದು, ಅದರ ಹಿಂದಿನದು ಎರಡನೇ ನಂಬರಿನದು. ಅವನನ್ನು ನಾಲ್ಕಕ್ಕೆ ಹಾಕಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯವರನ್ನು ಮೂಲೆಗೆ ತಳ್ಳಿದ್ದಾರೆ ಎಂದು ಏನೇನೋ ಅಂದೆ. ಕೊನೆಗೆ ಅವರು ಸುಸ್ತಾಗಿ ಎರಡನೇ ನಂಬರ್ ಕೊಟ್ಟರು. ಕಾಗವಾಡದ ಸರ್ಕಲ್ಲಿನಲ್ಲಿ, ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ತಮ್ಮನ ಆಳೆತ್ತರದ ಫೋಟೋ ನಿಂತಿತು. ಚಿಕ್ಕೋಡಿಗೆ ಕೆಲಸವಿಲ್ಲದಿದ್ದರೂ ಎರಡು ಸಲ ಹೋಗಿ ನೋಡಿ ಬಂದೆ.

ಮೈದಾನಕ್ಕೆ ನಾಲ್ಕೈದು ದಿನ ಇದ್ದಾಗ ತಮ್ಮನ ಕೈಯಿಂದ ಥಂಡಾಯಿಯ ಚರಿಗೆ ಜಾರಿ ಬಿತ್ತು. ಅವ್ವ ನೆಲ ಒರೆಸುತ್ತ, "ಯಾಕೋ, ಕೈ ನೋಯಾಕತ್ತೈತೇನು?" ಎಂದು ಕೇಳಿದಳು.

"ಎಣ್ಣಿ ಹಚ್ಚಿದ್ನಿ ಬೇ, ಜಾರ್ತು" ಅಂದ.

ಅವನ ಕೈಗೆ ಎಣ್ಣೆ ಹಚ್ಚಿರಲಿಲ್ಲ. ನಾನು ನೋಡಿದೆ, ಚರಿಗೆ ಎತ್ತಿ ಅವ್ವನ ಕೈಗೆ ಕೊಟ್ಟೆ.

ಮೈದಾನದ ಮಧ್ಯಾಹ್ನ ಬಿಸಿಲು ಜೋರಿತ್ತು. ಹಲಗೆಯವರು ಒಂದೇ ಸಮ ಬಾರಿಸುತ್ತಿದ್ದರು. ಚಿಕ್ಕ ಕುಸ್ತಿಗಳು ಮುಗಿಯುತ್ತ ಬಂದವು. ರಾಯಬಾಗದಿಂದ ಬಂದ ಒಬ್ಬ ಪೈಲ್ವಾನನ ಕೈ ಹಿಡಿದಾಗ ಬೆರಳು ಬಾತದ್ದು ತಿಳಿಯಿತು. "ಇವತ್ತ ಬ್ಯಾಡಪಾ, ಮುಂದಿನ ವರ್ಷ ಬಾ" ಎಂದು ಹಿಂದಕ್ಕೆ ಕಳಿಸಿದೆ. ಅವನ ವಸ್ತಾದ ನನಗೆ ಕೈ ಮುಗಿದ.

ಆಮೇಲೆ ಎರಡನೇ ನಂಬರಿನ ಸರದಿ. ಎದುರಿನವನು ಕೊಲ್ಲಾಪುರದ ಕಡೆಯ ತಾಲೀಮಿನವನು. ಅವನ ಕೈ ಹಿಡಿದೆ, ಗಟ್ಟಿ ಇತ್ತು. ತಮ್ಮನ ಬಲಗೈ ಹಿಡಿದು ಒತ್ತಿದೆ. ತಿರುಗಿ ಒತ್ತು ಬರಲಿಲ್ಲ. ಮತ್ತೊಮ್ಮೆ ಒತ್ತಿದೆ. ಕಿರುಬೆರಳು, ಅದರ ಪಕ್ಕದ ಬೆರಳು ಅಲುಗಲೇ ಇಲ್ಲ. ತೊಳೆದಿಟ್ಟ ಅರಿವೆ ಹಿಡಿದಂತಿತ್ತು. ಮುಖ ನೋಡಿದೆ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.

ನಿರೂಪಕ ಆಗಲೇ ಅವನನ್ನು ಕನ್ನಡದಲ್ಲಿ ಸಿಂಹ ಮಾಡಿ ಮುಗಿಸಿ ಮರಾಠಿಗೆ ಹೋಗಿದ್ದ. ನನ್ನ ತಲೆಯಲ್ಲಿ ಇದ್ದದ್ದು ಚಿಕ್ಕೋಡಿಯ ಫ್ಲೆಕ್ಸ್. ಇಷ್ಟು ಜಗಳ ಆಡಿ ಹಾಕಿಸಿದವನು ಈಗ ನಾನೇ ಬೇಡ ಅಂದರೆ ಕಮಿಟಿಯವರು ಏನಂದಾರು ಎಂದುಕೊಂಡೆ. ಇದಕ್ಕಿಂತ ದೊಡ್ಡದೇನೂ ತಲೆಯಲ್ಲಿ ಇರಲಿಲ್ಲ. ಇಬ್ಬರ ಕೈ ಕೂಡಿಸಿ ಮೇಲೆತ್ತಿದೆ. ಜನ ಸೀಟಿ ಹೊಡೆದರು.

ಕುಸ್ತಿ ಬಹಳ ಹೊತ್ತು ನಡೆಯಲಿಲ್ಲ. ಎದುರಿನವನು ಸೊಂಟಕ್ಕೆ ಕೈ ಹಾಕಿ ಎತ್ತಿದಾಗ ತಮ್ಮ ಅವನ ತೋಳು ಹಿಡಿದು ಜೋತುಬೀಳಬೇಕಿತ್ತು. ಅದು ಅವನಿಗೆ ಗೊತ್ತಿದ್ದ ಪಟ್ಟೇ. ಬಲಗೈ ಹಿಡಿಯಲಿಲ್ಲ. ಕುತ್ತಿಗೆಯ ಮೇಲೆ ಬಿದ್ದ. ಎದ್ದೇಳಲಿಲ್ಲ. ಹಲಗೆ ನಿಂತಿತು. ಗೆದ್ದವನು ಕೈ ಎತ್ತದೆ ಮಂಡಿಯೂರಿ ಕುಳಿತು, ತಮ್ಮನ ಕಣ್ಣಿನ ಮೇಲಿನ ಮಣ್ಣು ಒರೆಸುತ್ತ "ಉಠಾ ದಾದಾ, ಉಠಾ" ಎಂದು ಎಬ್ಬಿಸುತ್ತಿದ್ದ. ಅವನು ಅಳುತ್ತಿದ್ದ. ನನ್ನ ಕಣ್ಣು ಒಣಗಿಯೇ ಇತ್ತು.

ತಮ್ಮನನ್ನು ಜೀಪಿನಲ್ಲಿ ಮಲಗಿಸಿ ಮಿರಜಕ್ಕೆ ಒಯ್ದರು. ಅವ್ವ ಜೊತೆಗೆ ಹೋದಳು. ಒಂದನೇ ನಂಬರಿನ ಕುಸ್ತಿ ಬಾಕಿ ಇತ್ತು. ಯಾರೋ "ಜೋಡಿ ಹಚ್ಚಾವ್ರು ಎಲ್ಲ್ಯದಾರ?" ಎಂದು ಕೇಳಿದರು. ನಾನು ಹೋದೆ. ಆ ಇಬ್ಬರ ಅಂಗೈ ಒತ್ತಿ ನೋಡಿದೆ, ಸರಿ ಇದ್ದವು, ಕೂಡಿಸಿ ಎತ್ತಿದೆ. ಕುಸ್ತಿ ಮುಗಿಯುವವರೆಗೆ ನಿಂತಿದ್ದೆ. ಗೆದ್ದವನ ತಲೆಗೆ ಪಟಕಾ ಸುತ್ತುವಾಗ ಒಂದು ತುದಿ ಹಿಡಿದೆ. ಆಮೇಲೆ ಮಿರಜಕ್ಕೆ ಹೋದೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇದು ಇವತ್ತಿಂದಲ್ರಿ. ಕುತ್ತಿಗ್ಯಾಗ ನರ ಮೊದಲ ಒತ್ತಿತ್ತು. ಒಂದೆರಡ ತಿಂಗಳ ಆಡಸದ ಬಿಟ್ಟಿದ್ದರ ಸುಧಾರಸ್ತಿತ್ತು. ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನು?"

ಅವ್ವ ಇಲ್ಲ ಎಂದು ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ.

ಮೆಲ್ಲಮೆಲ್ಲಗೆ ಕಾಲು ಸ್ವಾಧೀನಕ್ಕೆ ಬಂತು. ಎಡಗೈ ಬಂತು. ಬಲಗೈ ಬರಲಿಲ್ಲ. ಊರಿನವರು ಮನೆಗೆ ಬಂದು, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಅವನ ಬೆನ್ನು ತಟ್ಟಿ ಚಹಾ ಕುಡಿದು ಹೋದರು. ಅವನಿಗೆ ಮೀಸೆಯೇ ಇರಲಿಲ್ಲ. ಅವನು ಎಲ್ಲರಿಗೂ ನಕ್ಕ. ನಾನು ಮಾತ್ರ ಒಂದು ಸಮಾಧಾನ ಕಟ್ಟಿಕೊಂಡೆ: ಅವನಿಗೇ ಆಡಬೇಕಿತ್ತು, ನಾನು ತಡೆದಿದ್ದರೆ ಜನ್ಮವಿಡೀ ಮಾತು ಬಿಡುತ್ತಿದ್ದ. ಎರಡು ವರ್ಷ ಅದರ ಮೇಲೆಯೇ ಉಂಡೆ, ಮಲಗಿದೆ.

ಮೊನ್ನೆ ಕಮಿಟಿಯವರು ಬಂದಿದ್ದರು. ಮತ್ತೆ ಮೈದಾನ ಇಟ್ಟಿದ್ದಾರೆ, ಜೋಡಿ ಹಚ್ಚಲು ನಾನೇ ಬರಬೇಕಂತೆ. ನೋಡೋಣ ಎಂದು ಕಳಿಸಿದೆ. ಅವರು ಹೋದ ಮೇಲೆ ಅಣ್ಣ ತಮ್ಮ ಊಟಕ್ಕೆ ಕುಳಿತೆವು. ಹೊರಗೆ ಇನ್ನೂ ಬಿಸಿಲಿತ್ತು. ಅವ್ವ ತಮ್ಮನ ತಾಟಿನಲ್ಲಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಎಡಗೈಗೆ ಸಿಗುವಂತೆ ಚಮಚ ಇಟ್ಟು ಒಳಗೆ ಹೋದಳು.

"ಹೋಗು ಅಣ್ಣಾ" ಅಂದ ತಮ್ಮ. "ನಿನ್ನಷ್ಟು ಕೈ ತಿಳಿಯಾವ್ರು ಯಾರದಾರ?"

"ನೋಡೂಣು" ಅಂದೆ.

ಅವನು ಎರಡು ಚಮಚ ತಿಂದ. ಸಿಟ್ಟಿಲ್ಲದೆ, ಹೊಲದ ಸುದ್ದಿ ಹೇಳುವ ದನಿಯಲ್ಲೇ ಅಂದ: "ಅವತ್ತ ನೀ ಎರಡ ಸಲ ಒತ್ತಿದಿ. ನನಗ ಬ್ಯಾಡ ಅನ್ನಾಕ ಧೈರ್ಯ ಇರಲಿಲ್ಲ, ಅಷ್ಟ ಮಂದಿ ಮುಂದ. ಅಣ್ಣಗ ಗೊತ್ತಾತು, ಇನ್ನ ಬ್ಯಾಡ ಅಂತಾನ ಅಂತ ನಿನ್ನ ಮಾರಿ ನೋಡ್ಕೋತ ನಿಂತಿದ್ನಿ."

ನನ್ನ ಬಾಯಲ್ಲಿ ರೊಟ್ಟಿ ಇತ್ತು. ಅದನ್ನು ಅಗಿದು ನುಂಗಿ, ಇನ್ನೊಂದು ತುತ್ತು ಮುರಿದುಕೊಂಡೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಿತ್ತು.