ಹಿಂದಕ್ಕೆ ತಿರುಗಿಸಿದ ಒಂದು ಗಂಟೆ

ರಘು, ನಿನ್ನ ಮಗಳ ನಾಮಕರಣದ ದಿನ ನಿಮ್ಮ ಡೆಟ್ರಾಯಿಟ್ ಟೈಮ್ ನಮ್ಮದಕ್ಕಿಂತ ಒಂದು ಗಂಟೆ ಮುಂದೆಂಬುದನ್ನು ನಾನು ಮರೆತಿರಲಿಲ್ಲ. ಬೇಕೆಂದೇ ತಡಮಾಡಿದೆ. ಹದಿನಾರು ವರ್ಷ ಇದನ್ನು ನುಂಗಿಕೊಂಡು ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಕ್ಕಿದ್ದೇನೆ, ದೊಡ್ಡವಳೆಂದು ನಿನಗೆ ಬುದ್ಧಿಯನ್ನೂ ಹೇಳಿದ್ದೇನೆ — ನಾಚಿಕೆಯಾಗುತ್ತದೆ.

ಬಾಯಿ ಬಿಡಿಸಿದ್ದು ಅದೇ ಮಗಳು ಮಾಯಾಳ ಉಡುಗೊರೆ. ಅತ್ತೆಗೆ ಅರವತ್ತು ತುಂಬುತ್ತದೆಂದು, ಈಜುಕೊಳದಲ್ಲಿ ಬೇಸಿಗೆ ಕೆಲಸ ಮಾಡಿ ಸಂಪಾದಿಸಿದ್ದರಲ್ಲಿ ವಾಚ್ ಕೊಡಿಸುತ್ತಾಳಂತೆ. ಎರಡು ಫೋಟೋ ಕಳಿಸಿದಳು; ಎರಡೂ ಅವಳ ಕೈಗೆಟುಕುವಂಥವೇ. ಒಂದು ಡೈವ್ ವಾಚ್ — ಇನ್ನೂರು ಮೀಟರ್ ಆಳಕ್ಕೆ ಇಳಿದರೂ ಒಳಗೆ ನೀರು ಹೋಗುವುದಿಲ್ಲವಂತೆ. ಮಂಡಿನೋವಿಗೆಂದು ನಮ್ಮೂರು ವುಡ್‌ರಿಡ್ಜ್‌ನಲ್ಲಿ ಈಜುಕೊಳದ ನಾಲ್ಕಡಿ ನೀರಿನಲ್ಲಿ ಕೈಕಾಲು ಬಡಿಯುವ ನನಗೆ ಅದು ಸ್ವಲ್ಪ ಅತಿಯೇ. ಇನ್ನೊಂದು ಟ್ರಾವೆಲ್ ವಾಚ್. ಬೇರೆ ಊರಿನ ಹೊತ್ತು ತೋರಿಸಲು ಅದಕ್ಕೆ ಬೇರೆಯೇ ಒಂದು ಮುಳ್ಳು.

ಆ ಮುಳ್ಳು ನೋಡಿದ್ದೇ ಫೋಟೋ ಮುಚ್ಚಿಬಿಟ್ಟೆ. ಡೈವ್ ವಾಚೇ ಸಾಕು, ಈಜಲು ಹೋಗುತ್ತೇನಲ್ಲ, ಎಂದು ಬರೆದುಬಿಟ್ಟೆ. ಸಂಜೆ ನೀನು ಫೋನ್ ಮಾಡಿದೆ.

“ಅಕ್ಕ, ಟ್ರಾವೆಲ್ ವಾಚೇ ತಗೋ. ನಮ್ ಟೈಮ್ ನಿನ್ ಕೈಮೇಲೇ ಇರತ್ತೆ. ಅವತ್ತು ಇನ್ವಿಟೇಶನ್‌ನಲ್ಲಿ ನಮ್ ಈಸ್ಟರ್ನ್ ಟೈಮ್ ಅಂತ ಹಾಕಿದ್ದಿದ್ರೆ ನೀನೇ ಮಗು ಕಿವೀಲಿ ಹೆಸರು ಹೇಳ್ತಿದ್ದೆ. ತಪ್ಪು ನಂದೇ.”

ಇಷ್ಟು ವರ್ಷವೂ ಅದು ನಿನ್ನ ತಪ್ಪೆಂದುಕೊಂಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಇಲ್ಲ — ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಅಮ್ಮ ಹೋಗಿ ವರ್ಷ ತುಂಬಿತ್ತಷ್ಟೇ. ಮಗುವಿಗೆ ಅವಳ ಹೆಸರನ್ನೇ, ಭಾಗೀರಥಿ ಎಂದೇ ಇಡಬೇಕೆಂದು ಹಟ ಹಿಡಿದಿದ್ದೆ. ಇಲ್ಲಿನ ಶಾಲೆಯವರ ಬಾಯಲ್ಲಿ ಅದು ಏನೇನಾಗುತ್ತದೋ ಎಂದು ಶ್ವೇತಾ, ಮಾಯಾ ಎಂದಿಡೋಣ ಎಂದಳು. ನೀನು ಹೆಂಡತಿಯ ಮಾತಿಗೆ ಹೂಂಗುಟ್ಟಿದೆ. ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಬಾಯಿಂದಲೇ ಅದನ್ನು ಹೇಳಿಸುತ್ತೀರಾ, ನೋಡೇಬಿಡೋಣ ಎಂದುಕೊಂಡೆ.

ಆದರೂ ಬೆಳಗಿನ ಜಾವವೇ ಒಬ್ಬಳೇ ಹೊರಟೆ. ಮಿಶಿಗನ್ ಗಡಿ ದಾಟಿದ ಕೂಡಲೇ ವಾಚನ್ನು ಒಂದು ಗಂಟೆ ಮುಂದಕ್ಕೂ ಇಟ್ಟುಕೊಂಡೆ. ಹತ್ತೂಕಾಲಿಗೆಲ್ಲ ಡೆಟ್ರಾಯಿಟ್ ಪಕ್ಕದ ನಿಮ್ಮ ಆಬರ್ನ್ ಹಿಲ್ಸ್ ತಲುಪಿ, ನಿಮ್ಮ ಮನೆಗೆ ಇನ್ನೊಂದೇ ಎಕ್ಸಿಟ್ ಇರುವಾಗ ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಮುಹೂರ್ತ ಹನ್ನೊಂದರಿಂದ ಹನ್ನೆರಡು. ಒಂದು ಕಾಫಿ ಕುಡಿದೆ, ಇನ್ನೊಂದು ಕುಡಿದೆ. ಹನ್ನೊಂದೂವರೆಗೆ ಎದ್ದು ಬಾಗಿಲವರೆಗೆ ಹೋದೆ — ಹೋಗಿದ್ದರೆ ಆಗುತ್ತಿತ್ತು, ರಘು, ಹತ್ತು ನಿಮಿಷದ ದಾರಿ — ಮತ್ತೆ ಬಂದು ಕೂತೆ. ಹನ್ನೆರಡು ದಾಟಿದ ಮೇಲೆ ವಾಚಿನ ಕೀಲಿ ಎಳೆದು, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ.

ನಿಮ್ಮ ಬಾಗಿಲಲ್ಲಿ ನಿಂತು ಮಣಿಕಟ್ಟು ಚಾಚಿ ಹೇಳಿದ ಮಾತು ನಿನಗೆ ನೆನಪಿರಬೇಕು.

“ಇನ್ನೂ ಹನ್ನೊಂದೂವರೆ ಕಣೋ. ಮುಹೂರ್ತ ಇದ್ಯಲ್ಲ?”

ನಿನ್ನ ಮುಖ ಬಾಡಿಹೋಯಿತು. ನನ್ನ ಫೋನ್ ಸಿಗುತ್ತಿಲ್ಲವೆಂದು — ಅದನ್ನೂ ನಾನೇ ಆಫ್ ಮಾಡಿದ್ದೆ — ಕೊನೇ ನಿಮಿಷದವರೆಗೂ ಕಾದು, ಕಡೆಗೆ ಪಕ್ಕದ ಮನೆಯ ಆಂಟಿಯಿಂದ ಹೆಸರು ಹೇಳಿಸಿದ್ದಿರಿ. ಶ್ವೇತಾ ಮಾತ್ರ, “ಅಷ್ಟು ದೂರ ಒಬ್ರೇ ಡ್ರೈವ್ ಮಾಡ್ಕೊಂಡ್ ಬಂದಿದೀರಾ, ಮೊದ್ಲು ಊಟ ಮಾಡಿ ಅತ್ತಿಗೆ,” ಎಂದು ಎಲೆ ಹಾಕಿದಳು. ಹೋಳಿಗೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಅಮ್ಮನ ದುಃಖ ಹಾಗೆ ಮಾಡಿಸಿತು ಎಂದು ಬರೆಯಹೊರಟಿದ್ದೆ; ಹೊಡೆದುಹಾಕಿದೆ. ದುಃಖವಲ್ಲ, ಹೊಟ್ಟೆಕಿಚ್ಚು. ನನ್ನ ಮಾತು ನಡೆಯಲಿಲ್ಲವೆಂಬ ಸಿಟ್ಟು. ಅಮ್ಮ ಇದ್ದಿದ್ದರೆ ಮೊದಲು ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಹೆಸರು ಆಮೇಲೆ ಕೇಳುತ್ತಿದ್ದಳು.

ತಪ್ಪು ನಿನ್ನದಲ್ಲ, ರಘು. ಇನ್ವಿಟೇಶನ್‌ನಲ್ಲಿ ಏನೂ ಕೊರತೆಯಿರಲಿಲ್ಲ. ಯಾವ ವಾಚನ್ನೂ ಸದ್ಯಕ್ಕೆ ಕೊಳ್ಳಬೇಡವೆಂದು ಮಾಯಾಳಿಗೆ ಹೇಳು. ಅವಳಿಗೆ ಕನ್ನಡ ಓದಲು ಬಾರದು. ಇದನ್ನು ನೀನು ಓದಿ ಹೇಳಬೇಡ, ನಿನ್ನ ಬಾಯಲ್ಲಿ ನನ್ನ ತಪ್ಪು ಮೆತ್ತಗಾಗಿಬಿಡುತ್ತದೆ. ಶನಿವಾರ ನಾನೇ ಬಂದು, ಶ್ವೇತಾಳ ಎದುರಿಗೆ, ಮಾಯಾಳಿಗೆ ತಿಳಿಯುವ ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ ಹೇಳುತ್ತೇನೆ.