ನಕಾಶೆಯಲ್ಲಿ ನಿಲ್ಲದ ಕುರಿದಡ್ಡಿ

ಅಂದು ನನ್ನ ಮಗಳು ದಾರಿ ತಪ್ಪಿರಲಿಲ್ಲ. ಅವಳ ಅಪ್ಪ ಜಾಗ ಬಿಟ್ಟಿದ್ದ. ನಡೆದದ್ದು ಇಷ್ಟೇ. ಊರವರು ಇದಕ್ಕೆ ತೋಳ, ಗಾಳಿ, ದೆವ್ವ ಎಲ್ಲ ಸೇರಿಸಿ ಹೇಳುತ್ತಾರೆ, ನಂಬಬೇಡಿ.

ನಿನ್ನೆ ಸೊಲ್ಲಾಪುರದ ಮನೆಯಲ್ಲಿ ಮೊಮ್ಮಗಳು ಭೂಗೋಳದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು: ಸ್ಥಾನ, ದಿಕ್ಕು, ಅಂತರ. ಇವು ತಿಳಿದರೆ ಭೂಗೋಳದ ಬುನಾದಿ ಗಟ್ಟಿಯಂತೆ. "ಅಜ್ಜಿ, ನಿನಗ ಇವೆಲ್ಲಾ ಗೊತ್ತೇನ?" ಎಂದಳು. ಗೊತ್ತು ಎಂದೆ. ಹೇಗೆ ಎಂದು ಕೇಳಲಿಲ್ಲ, ಪುಟ ತಿರುಗಿಸಿದಳು. ನೀವು ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾವು ಮೈಂದರ್ಗಿ ಹತ್ತಿರದ ಹಳ್ಳಿಯಲ್ಲಿದ್ದೆವು. ಕುರಿ ಸಾಕುವ ಮನೆ. ಗೊಬ್ಬರಕ್ಕೆಂದು ಹೊಲದವರು ರಾತ್ರಿ ಕುರಿ ತಂಗಿಸಿಕೊಳ್ಳುತ್ತಿದ್ದರು. ಈ ಹೊಲದಲ್ಲಿ ನಾಲ್ಕು ರಾತ್ರಿ, ಮುಂದಿನದರಲ್ಲಿ ಮತ್ತೆ ನಾಲ್ಕು. ಎಲ್ಲಿ ಜೋಳ ಕೊಡುತ್ತಾರೋ ಅಲ್ಲಿ ಕುರಿ ಕೂಡುವ ದಡ್ಡಿ. ಗಂಡ ಅಲ್ಲೇ ಮಲಗುತ್ತಿದ್ದ, ನಾನು ಬುತ್ತಿ ಒಯ್ಯುತ್ತಿದ್ದೆ. ಜಾಗ ಬದಲಾದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತಿದ್ದ.

ಮಗಳು ನೀಲವ್ವ ಸಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಳು. ಮಾಸ್ತರರು ಮನೆಯ ಸುತ್ತಲಿನ ನಕಾಶೆ ಬರೆದು ತರಲು ಹೇಳಿದ್ದರು. ಅವಳು ಮನೆ, ಹಳ್ಳ, ಬೇವಿನ ಗಿಡ ಬರೆದು, ಕೊನೆಗೆ ಒಂದು ದುಂಡು ಸುತ್ತಿ 'ಅಪ್ಪ' ಎಂದು ಬರೆದಳು. ನಾನು ಎರಡನೆಯದಕ್ಕೇ ಸಾಲೆ ಬಿಟ್ಟವಳು. ಕಾಗದ ತಲೆಕೆಳಗೆ ಹಿಡಿದು, "ಚಂದ ಐತಿ" ಎಂದೆ.

ಅಂದು ರವಿವಾರ. ನಾನು ನೆಲ ಸಾರಿಸುತ್ತಿದ್ದೆ. "ಯವ್ವಾ, ಬುತ್ತಿ ನಾನ ಒಯ್ತೀನಿ. ನಕಾಶೆ ಐತಲ್ಲ" ಎಂದಳು. ಹೋಗು ಎಂದೆ. ಮಧ್ಯಾಹ್ನಕ್ಕೆ ಬರಬೇಕಾದವಳು ಬರಲಿಲ್ಲ. ಅಪ್ಪನ ಹತ್ತಿರ ಮರಿ ಆಡಿಸುತ್ತಿರಬಹುದು ಎಂದುಕೊಂಡೆ. ಹೊತ್ತು ಇಳಿಯಿತು, ಒಲೆ ಹೊತ್ತಿಸಲು ಕೈ ಏಳಲಿಲ್ಲ. ಊರ ಅಗಸಿ ಬಾಗಿಲ ತನಕ ಹೋಗಿ ಬಂದೆ, ಮತ್ತೆ ಹೋದೆ.

ಅಲ್ಲಿ ಅಕ್ಕಲಕೋಟೆಯ ಬಸ್ಸಿನಿಂದ ಇಳಿದ ನಮ್ಮ ಭಾವ ಎದುರಾದ. "ಏ ತಂಗಿ, ನಿನ್ನ ಗಂಡ ಹೇಳಿ ಕಳಿಸಿದ್ದ, ಮುಂಜಾನಿ ಹೇಳೂದ ಮರತ್ನಿ. ಬಸ್ ಬಂತಲ್ಲ, ಹತ್ತಿಬಿಟ್ನಿ. ಕುರಿ ಹಳ್ಳದ ಆಚಿ ಹೋಗ್ಯಾವ."

"ನಿನ್ನ ಬಸ್ಸಿಗೆ ಬೆಂಕಿ ಹತ್ತಲಿ" ಎಂದು ಓಡಿದೆ. ಹಳ್ಳದ ಹಾದಿಯಲ್ಲಿ ಕಟ್ಟೆಯಿಲ್ಲದ ಒಂದು ಬಾವಿ ಇತ್ತು. ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖವೇ ಕಂಡಿತು. ಆ ಗಳಿಗೆ ಶತ್ರುವಿಗೂ ಬೇಡ.

ಹಳೆಯ ದಡ್ಡಿಯ ಜಾಗ ಖಾಲಿ. ಹಿಕ್ಕೆ ಬಿದ್ದು ನೆಲ ಕಪ್ಪಾಗಿತ್ತು. ಅದರ ನಟ್ಟನಡುವೆ ನೀಲವ್ವ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟು ಬಿಚ್ಚಿರಲಿಲ್ಲ, ಒಂದು ತುತ್ತು ತಿಂದಿರಲಿಲ್ಲ.

"ನಾ ದಾರಿ ತಪ್ಪಿಲ್ಲ ಯವ್ವಾ" ಎಂದಳು, ನಾನು ಬಾಯಿ ತೆಗೆಯುವ ಮೊದಲೇ. "ಎಡಕ್ಕ ಬೇವಿನ ಗಿಡ, ಹಿಂದ ಹಳ್ಳ. ಜಾಗಾ ಇದ ಐತಿ. ಅಪ್ಪನ ಇಲ್ಲ."

ಮೊದಲು ಒಂದು ಏಟು ಕೊಟ್ಟೆ. ಆಮೇಲೆ ಎತ್ತಿಕೊಂಡೆ, ಎತ್ತಿಕೊಳ್ಳುವ ವಯಸ್ಸು ಅವಳದಲ್ಲದಿದ್ದರೂ.

ಮನೆಗೆ ಬಂದರೆ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. "ಸಾಕ ಮಾಡ್ರಿ ಸಾಲಿ. ನಕಾಶೆ ಬರದಾಳಂತ, ದೊಡ್ಡ ಸಾಹೇಬ್ತಿ! ಕುರಿ ಹಿಂದ ಹೋಗಿದ್ರ ಕುರಿ ಎಲ್ಲಿರ್ತಾವ ಅಂತ ತಿಳೀತಿತ್ತು. ನಾಳಿಂದ ಅಪ್ಪನ ಜೋಡಿ ಹೋಗ್ಲಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ಮಾತಾಡಲಿಲ್ಲ. ಅತ್ತೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನನ್ನನ್ನು ಸಾಲೆ ಬಿಡಿಸಿದಾಗಲೂ ನಮ್ಮವ್ವ ಹೀಗೆಯೇ ಸುಮ್ಮನೆ ನಿಂತಿದ್ದಳು. ಹುಡುಗಿ ಉಣ್ಣದೆ ಮಲಗಿದಳು. ನನಗೂ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಅತ್ತೆಯ ಎದುರಿನಿಂದಲೇ ಕೈ ಹಿಡಿದು ಸಾಲೆಯ ಬಾಗಿಲ ತನಕ ಬಿಟ್ಟು ಬಂದೆ. ಆಮೇಲೆ ಬುತ್ತಿ ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿದೆ. ಆಚೆ ಯಾವ ಹೊಲವೋ ನನಗೂ ಗೊತ್ತಿರಲಿಲ್ಲ. ಎದುರು ಬಂದವರನ್ನೆಲ್ಲ ನಿಲ್ಲಿಸಿ, "ಯಣ್ಣಾ, ನಮ್ಮ ಕುರಿ ಎಲ್ಲ್ಯಾದಾವ?" ಎಂದು ಕೇಳುತ್ತ ಹೋದೆ.