ಸಂಗ್ರಹಿಸಿದವರ ಕಾಲಂ

ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಗೆ ಹತ್ತುವ ಬೇರುಕೊಳೆ ರೋಗದ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮ ವಿಭಾಗದಲ್ಲೊಂದು ಪದ್ಧತಿಯಿತ್ತು: ಹೆಣ್ಣುಮಕ್ಕಳು ಫೀಲ್ಡಿಗೆ ಹೋಗುವಾಗ ಜೊತೆಗೊಬ್ಬ ಗಂಡಸಿರಬೇಕು, ಜೀಪಿನ ರಿಜಿಸ್ಟರಿಗೆ ಅವನೇ ಸಹಿ ಹಾಕಬೇಕು. ನನ್ನ ಜೊತೆ ಬರುತ್ತಿದ್ದವನು ನನಗಿಂತ ಎರಡು ವರ್ಷ ಕಿರಿಯ ಸಂಶೋಧಕ. ಕೆಟ್ಟವನಲ್ಲ. ಸಹಿ ಹಾಕಿ, ಬದುವಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ನಾನು ಗುಂಡಿ ತೋಡಿ, ಬೇರು ಕತ್ತರಿಸಿ, ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದೆ.

ತೋಟದ ಯಜಮಾನಿ ಅವನನ್ನು ಕಾಡುತ್ತಿದ್ದಳು. "ಏನ್ ಸಾಹೇಬ್ರ, ಆ ಬದು ಎಲ್ಲಿ ಓಡಿ ಹೋಗ್ತದಂತ ಹಿಡಕೊಂಡು ಕುಂತೀರಿ?"

"ಅಕ್ಕಾರ ಕಾವಲಿಗಿ ಬಂದೀನ್ರೀ."

"ಬಾಳಿಗಿಡ ಕಚ್ತಾವೇನ್ರೀ ಆಕಿಗಿ?"

ಈ ಮಾತು ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಆದರೆ ಫೀಲ್ಡ್ ಪುಸ್ತಕ ನನ್ನ ಮುಂದಿದೆ. ‘ಸಂಗ್ರಹಿಸಿದವರು’ ಎಂಬ ಕಾಲಂನಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಅವನ ಹೆಸರಿದೆ, ನನ್ನ ಅಕ್ಷರದಲ್ಲಿ.

ಯಾಕೆ ಬರೆದೆ? ಜೀಪಿನ ರಿಜಿಸ್ಟರಿಗೂ ಪುಸ್ತಕಕ್ಕೂ ತಾಳೆಯಾಗಲೆಂದು ಗೈಡ್ ಹೇಳಿದ್ದರು ಎಂದು ಬಹಳ ದಿನ ನಂಬಿದ್ದೆ. ಅವರು ಹೇಳಿದ ದಿನ ಮಾತ್ರ ನೆನಪಿಗೆ ಬರುವುದಿಲ್ಲ. ಆಮೇಲೆ, ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಅತ್ತೆ ಪುಸ್ತಕ ತೆರೆದು, ಸೊಸೆ ಕಂಡವರ ತೋಟದಲ್ಲಿ ಗುಂಡಿ ತೋಡುತ್ತಾಳೆಂದು ತಿಳಿದಾಳೆಂಬ ಹೆದರಿಕೆ ಅಂದುಕೊಂಡೆ. ಅತ್ತೆ ನನ್ನ ಪುಸ್ತಕ ಮುಟ್ಟಿದವಳೇ ಅಲ್ಲ. ಬಹುಶಃ ಯಾರೂ ಹೇಳಲಿಲ್ಲ, ಬರೆದೆ, ಅಷ್ಟೆ. ಈ ಉತ್ತರವೂ ತೀರಾ ಒಪ್ಪವಾಗಿದೆ, ಇದನ್ನೂ ನಂಬಲಾರೆ.

ಈ ಕೆಲಸದ ಪ್ರಬಂಧ ಸಂಶೋಧನಾ ಪತ್ರಿಕೆಗೆ ಹೋಗುವ ಹೊತ್ತಿಗೆ ಲೇಖಕರ ಸಾಲಿನಲ್ಲಿ ಮೊದಲ ಹೆಸರು ಅವನದಾಗಿತ್ತು. ನಾನು ಅರ್ಜಿ ಹಾಕಬೇಕೆಂದಿದ್ದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮೊದಲ ಹೆಸರಿನ ಪ್ರಬಂಧವೊಂದು ಬೇಕೇ ಬೇಕು. ನನ್ನ ಬಳಿ ಇದ್ದುದು ಇದೊಂದೇ.

"ಫೀಲ್ಡ್ ವರ್ಕ್ ಎಲ್ಲಾ ಅವನೇ ಮಾಡ್ಯಾನಲ್ಲವಾ," ಎಂದರು ಗೈಡ್, ಪುಸ್ತಕ ನನ್ನ ಕಡೆ ತಿರುಗಿಸಿ.

"ಮಾಡಿದಾಕಿ ನಾನ್ರೀ ಸರ್. ಅದು ನಾ ತಪ್ಪು ಬರದದ್ದು."

"ಹಂಗಂತ ಬರದು ಕೊಡ್ತಿಯೇನು? ಒಂದು ಕಾಲಂ ಸುಳ್ಳಂದ್ರ ಉಳಿದದ್ದು ಯಾರ್ ನಂಬ್ತಾರ? ಎರಡನೇ ಹೆಸರು ನಿಂದೇ ಅದ. ಅದೇನ್ ಕಡಿಮಿ?"

ಆ ಕಿರಿಯ ಸಂಶೋಧಕ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ. "ನಾ ಏನೂ ಕೇಳಿಲ್ರೀ ಅಕ್ಕಾ. ನೀವೇ ಬರದೀರಿ." ಅವನ ಮಾತು ನಿಜ. ಅದಕ್ಕೇ ಸಿಟ್ಟು ಬಂತು.

ಎರಡು ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ. ಶರಣಬಸವೇಶ್ವರ ಗುಡಿಯ ಸುತ್ತಲಿನ ರಸ್ತೆಗಳಲ್ಲಿ, ಕಾಲೇಜು ಬಿಟ್ಟ ಹುಡುಗಿಯರ ನಡುವೆ, ಸುಮ್ಮನೆ ನಡೆದೆ. ಬರೆದುಕೊಟ್ಟರೆ ಪ್ರಬಂಧವೇ ಹೋಗುತ್ತದೆ. ಕೊಡದಿದ್ದರೆ ಎರಡನೇ ಹೆಸರಾದರೂ ಉಳಿಯುತ್ತದೆ.

ಮೂರನೆಯ ದಿನ ಬರೆದುಕೊಟ್ಟೆ: ಮಾದರಿಗಳನ್ನು ತೆಗೆದವಳು ನಾನು, ತಪ್ಪು ದಾಖಲಿಸಿದವಳೂ ನಾನು. ಗೈಡ್ ಎರಡು ಸಲ ಓದಿ, ಪ್ರಬಂಧ ಹಿಂಪಡೆಯುವ ಪತ್ರವನ್ನು ಟೈಪ್ ಮಾಡಲು ನನಗೇ ಹೇಳಿದರು. ಮಾಡಿದೆ.

ಅರ್ಜಿಯ ಗಡುವು ಮುಗಿದ ವಾರ ಒಬ್ಬಳೇ ಕಮಲಾಪುರದ ಬಸ್ಸು ಹತ್ತಿದೆ. ಹಳೆಯ ದಾಖಲೆ ನಡೆಯದಾದ ಮೇಲೆ ಮಾದರಿಗಳೆಲ್ಲ ಮೊದಲಿನಿಂದ ಬೇಕಿದ್ದವು. ಯಜಮಾನಿ ರೋಗ ಹತ್ತಿದ ಗಿಡಗಳನ್ನು ಕಿತ್ತು ತೊಗರಿ ಹಾಕಿದ್ದಳು.

"ಹೇಳಿ ಕಳಸಿದ್ರ ನಾಕು ಗಿಡ ಬಿಡ್ತಿದ್ದೆನಲ್ಲವಾ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಚಿ ತೋಟದಂವಗ ಕೇಳೂಣು ನಡಿ. ಅಂವ ಒದರ್ತಾನ. ಒದರಲಿ."